ಅವಿಭಾಜ್ಯ ಸಂಖ್ಯೆಯ ಪಂಕ್ತಿ

ಐದು ಸಾವಿರದ ಮೂವತ್ತೊಂಬತ್ತು ಎಂಬ ಸಂಖ್ಯೆ ತನ್ನೊಳಗಿನ ಅಷ್ಟೂ ಬಿಡಿಗಳನ್ನು ಕರೆದುಕೊಂಡು ಔತಣಕ್ಕೆ ಬಂತು. ಬಾಗಿಲಲ್ಲಿ ಒಂಟಿಯಾಗಿ ನಿಂತಿದ್ದ ಒಂದು ಎಂಬ ಅಂಕಿಯನ್ನು ಕಂಡು ತಡೆಯಿತು.

"ನಾವು ಅವಿಭಾಜ್ಯ ಕುಲದವರು. ಎರಡಾಗಲಿ ಏಳಾಗಲಿ, ನಮ್ಮನ್ನು ಶೇಷವಿಲ್ಲದೆ ಭಾಗಿಸುವವರು ಇನ್ನೂ ಹುಟ್ಟಿಲ್ಲ. ನೀನು ಯಾವ ಕುಲ?"

"ಅವಿಭಾಜ್ಯವೂ ಅಲ್ಲ, ಭಾಜ್ಯವೂ ಅಲ್ಲ," ಎಂದಿತು ಒಂದು.

"ಕುಲವಿಲ್ಲದವರಿಗೆ ನಮ್ಮ ಪಂಕ್ತಿಯಲ್ಲಿ ಜಾಗವಿಲ್ಲ. ಹೊರಗಿರು."

ಬಡಿಸಲು ನಿಂತಿದ್ದ ಸೊನ್ನೆ ಹೇಳಿತು: "ಸಾಲುಗಳೆಲ್ಲ ಸಮನಾಗಿರಬೇಕು. ಹಾಕಿದ ಎಲೆ ಒಂದೂ ಖಾಲಿ ಇರಬಾರದು. ಆಮೇಲೆಯೇ ಅನ್ನ."

ಬಿಡಿಗಳು ಎರಡೆರಡಾಗಿ ಕೂತವು. ಕೊನೆಯ ಸಾಲಿನಲ್ಲಿ ಒಂದು ಎಲೆ ಖಾಲಿ ಉಳಿಯಿತು. ಎದ್ದು ಏಳೇಳಾಗಿ ಕೂತವು, ಮತ್ತೆ ಒಂದು ಎಲೆ ಖಾಲಿ. ಹತ್ತು ಹತ್ತಾಗಿ ಕೂತರೂ ಅದೇ ಕಥೆ. ಸಾರು ಆರತೊಡಗಿತು.

"ನೀವೇ ಕೂತುಬಿಡಿ," ಎಂದಿತು ಸಂಖ್ಯೆ, ಸೊನ್ನೆಗೆ.

"ನಾನು ಕೂತರೂ ಲೆಕ್ಕಕ್ಕೆ ಬರುವುದಿಲ್ಲ, ಸ್ವಾಮಿ."

"ಹಾಗಾದರೆ ಉಪವಾಸ ಏಳುತ್ತೇವೆ. ಕುಲ ಕೆಡಿಸಿಕೊಳ್ಳುವವರು ನಾವಲ್ಲ!"

ಆಗ ಕೊನೆಯ ಸಾಲಿನ ಬಿಡಿಯೊಂದು ಪಕ್ಕದ ಖಾಲಿ ಎಲೆಗೆ ನೀರು ಚಿಮುಕಿಸಿ, ಬಾಗಿಲತ್ತ ಕೂಗಿತು: "ಬಾರಣ್ಣ, ಕೂತುಕೋ. ನೀನೂ ಒಂದೇ, ನಾನೂ ಒಂದೇ. ಇಲ್ಲಿ ಕೂತಿರುವವರೆಲ್ಲ ಒಂದೇ."

ಒಂದು ಬಂದು ಕೂತಿತು. ಅನ್ನ ಬಂತು. ಐದು ಸಾವಿರದ ನಲವತ್ತು ಮಂದಿ ಹೊಟ್ಟೆ ತುಂಬ ಉಂಡರು.

ಎರಡರಿಂದ ಹತ್ತರವರೆಗೆ ಯಾರು ಬೇಕಾದರೂ ತನ್ನನ್ನು ಈಗ ಶೇಷವಿಲ್ಲದೆ ಭಾಗಿಸಬಹುದು, ಕುಲ ಹೋಯಿತು ಎಂದು ಆ ಸಂಖ್ಯೆಗೆ ಹೊಳೆದದ್ದು ಕೈ ತೊಳೆಯುವಾಗ.