ನರಿಯ ಅಸಲಿ ಕುಸ್ತಿ

ನರಿಯ ಗರಡಿಯಲ್ಲಿ ಗೆಲ್ಲುವುದು ಯಾವಾಗಲೂ ಕರಡಿಯೇ. ನರಿ ಕೆಮ್ಮಿದೊಡನೆ ಎದುರಾಳಿ ಕತ್ತೆ ದೊಪ್ಪನೆ ಬೀಳಬೇಕೆಂಬುದು ಒಳಗಿನ ಒಪ್ಪಂದ. "ಎಲ್ಲ ಬರೀ ನಾಟಕ" ಎಂದು ಕಾಡು ಆಡಿಕೊಂಡಾಗ ನರಿಗೆ ರೋಷ ಉಕ್ಕಿತು. ಹೇಗಿದ್ದರೂ ಗೆಲ್ಲುವುದು ತನ್ನ ಕರಡಿಯೇ ಎಂಬ ಧೈರ್ಯದಲ್ಲಿ, "ನಾಳೆ ಅಸಲಿ ಕುಸ್ತಿ! ಯಾರೂ ಬೇಕೆಂದೇ ಬೀಳಕೂಡದು!" ಎಂದು ಡಂಗುರ ಹೊಡೆಸಿತು.

ಮರುದಿನ ಕುಸ್ತಿ ಕಾವೇರಿದಾಗ ನರಿ ಅಭ್ಯಾಸಬಲದಿಂದ ಕೆಮ್ಮಿಬಿಟ್ಟಿತು. ಕರಡಿಯೂ ಅಭ್ಯಾಸಬಲದಿಂದ ಕತ್ತೆಗೆ ಬೆನ್ನು ಹಾಕಿ ಸಭೆಗೆ ಕೈಮುಗಿಯಿತು. ಕತ್ತೆ ಒಂದೇ ಒಂದು ಒದೆ ಕೊಟ್ಟಿತು. ಕರಡಿ ಮೂರ್ಛೆ ಹೋಯಿತು.

"ಯಾಕೋ ಬೀಳಲಿಲ್ಲ?" ಎಂದು ನರಿ ಹಲ್ಲು ಕಡಿಯಿತು.

"ಬೀಳಬೇಡ ಅಂದವರು ನೀವೇ ಅಲ್ಲವೇ ಧಣಿ?" ಎಂದಿತು ಕತ್ತೆ.

"ಕತ್ತೆ ಗೆಲ್ಲುವುದುಂಟೇ? ಮೋಸ!" ಎಂದು ಸಭೆ ಬೊಬ್ಬೆ ಹಾಕಿತು.

ಮುಂದಿನ ವಾರ ಕರಡಿ ತಲೆಗೆ ಪಟ್ಟಿ ಕಟ್ಟಿಕೊಂಡು ತೂರಾಡುತ್ತ ಬಂತು. ನರಿ ಕೆಮ್ಮಿತು, ಕತ್ತೆ ಬಿತ್ತು.

"ಅಸಲಿ ಕುಸ್ತಿ ಅಂದರೆ ಇದಪ್ಪಾ!" ಎಂದು ಕಾಡೆಲ್ಲ ಶಿಳ್ಳೆ ಹೊಡೆಯಿತು.