ಪೈಲವಾನನ ಕೈ ಹಿಡಿದ ವ್ಯಾಪಾರಿ

"ಗುರುಗಳೇ, ದಿನವೂ ಊರವರು ಹಾಕಿದ ಅನ್ನ ಉಣ್ಣುತ್ತೇವೆ. ತಿರುಗಿ ಕೊಡಲು ನಮ್ಮ ಬಳಿ ಏನೂ ಇಲ್ಲ. ಈ ಋಣ ತೀರುವುದು ಹೇಗೆ?"

ಶಿಷ್ಯ ಭಿಕ್ಷೆಯಿಂದ ಬಂದವನು, ಜೋಳಿಗೆಯನ್ನೂ ಇಳಿಸದೆ ಕೇಳಿದ.

"ಮೊದಲು ಜೋಳಿಗೆ ಇಳಿಸು. ಅನ್ನ ಆರುತ್ತದೆ" ಎಂದರು ಗುರುಗಳು. ಊಟವಾದ ಮೇಲೆ ಈ ಕತೆ ಹೇಳಿದರು.

ಸುಗ್ಗಿ ಮುಗಿದ ಕಾಲದಲ್ಲಿ ಪಟ್ಟಣದ ಒಬ್ಬ ವ್ಯಾಪಾರಿ ಹಳ್ಳಿಗಳ ಕಡೆ ಹೊರಟ. ಹೊಲದ ಕಾಲುದಾರಿಗಳಲ್ಲಿ ನಡೆಯಬೇಕು, ಕೊನೆಗೆ ಒಂದು ದೊಡ್ಡ ಕುಸ್ತಿ ನೋಡಬೇಕು, ಇಷ್ಟೇ ಅವನ ಆಸೆ. ನಡೆದು ಅಭ್ಯಾಸವಿಲ್ಲದ ಕಾಲು. ಹೊರಟ ದಿನವೇ ಹಿಮ್ಮಡಿಯಲ್ಲಿ ಮುಳ್ಳು ಮುರಿಯಿತು. ಒಬ್ಬ ಕುರುಬ ಅವನನ್ನು ಕೂರಿಸಿಕೊಂಡು ಮುಳ್ಳು ತೆಗೆದ. ದಾರಿ ತಪ್ಪಿದಾಗ ಒಬ್ಬ ರೈತ ಕೆಲಸ ಬಿಟ್ಟು ಬಂದು ಹಳ್ಳ ದಾಟಿಸಿದ. ಒಬ್ಬಳು ಮುದುಕಿ ಕರೆದು ರೊಟ್ಟಿ, ಪುಂಡಿಪಲ್ಯ ಹಾಕಿದಳು. ಉಂಡು ಎದ್ದ ವ್ಯಾಪಾರಿ ಚೀಲಕ್ಕೆ ಕೈ ಹಾಕಿದ.

"ಚೀಲ ಕಟ್ಟಪ್ಪ. ಬಂದವರಿಗೆ ಉಣ್ಣಲು ಹಾಕುತ್ತೇವೆ, ಮಾರುವುದಿಲ್ಲ. ಮಾರುವ ಹಾಗಿದ್ದರೆ ಇಷ್ಟು ಹೊತ್ತು ನಿನ್ನ ಮಾತು ಕೇಳಿದ್ದಕ್ಕೂ ಬೆಲೆ ಹೇಳುತ್ತಿದ್ದೆ" ಎಂದಳು ಮುದುಕಿ.

ಎಲ್ಲ ಕಡೆಯೂ ಹೀಗೇ ಆಯಿತು. ಪಡೆದದ್ದಕ್ಕೆಲ್ಲ ಅಲ್ಲಲ್ಲೇ ಕೊಟ್ಟು ಅಭ್ಯಾಸವಿದ್ದ ವ್ಯಾಪಾರಿಗೆ ಚೀಲಕ್ಕಿಂತ ಮನಸ್ಸೇ ಭಾರವಾಯಿತು. ಹಾಗೆಯೇ ನಡೆದು ಕುಸ್ತಿಯ ಊರು ಸೇರಿದ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಜೋಡಿ ಸಿಗದ ಪೈಲವಾನ ಬಲಗೈ ಎತ್ತಿ ಕುಸ್ತಿಯ ಕಣವನ್ನು ಸುತ್ತಬೇಕು. ಆ ಕೈಯನ್ನು ಯಾರು ಹಿಡಿಯುತ್ತಾನೋ ಅವನೇ ಜೋಡಿ. ಸತತ ಎರಡು ವರ್ಷ ಯಾರೂ ಹಿಡಿಯದಿದ್ದರೆ ಅವನು ಗರಡಿ ಬಿಡಬೇಕು. ಎದುರು ನಿಲ್ಲುವವನಿಲ್ಲದ ಬಲಕ್ಕೆ ಮಣ್ಣಿನಲ್ಲಿ ಕೆಲಸವಿಲ್ಲ ಎಂದು ಹಿರಿಯರ ತೀರ್ಮಾನ.

ಅಲ್ಲಿ ಒಬ್ಬ ಪೈಲವಾನನಿದ್ದ. ಎತ್ತಿ ಒಗೆದನೆಂದರೆ ಎದುರಿನವನು ಏಳುತ್ತಿರಲಿಲ್ಲ. ಒಬ್ಬನ ತೋಳು ಮುರಿದಿತ್ತು, ಇನ್ನೊಬ್ಬನ ಪಕ್ಕೆಲುಬು. ಹೋದ ವರ್ಷ ಯಾರೂ ಅವನ ಕೈ ಹಿಡಿದಿರಲಿಲ್ಲ. ಗರಡಿ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಕುಸ್ತಿಯ ದಿನ ಬೆಳಿಗ್ಗೆ ಹೆಂಡತಿ ಹಾಲಿನ ಚೊಂಬು ಕೊಡುತ್ತಾ, "ಈ ಸಲವೂ ಮೈಗೆ ಮಣ್ಣು ಮೆತ್ತದೆ ಬಂದರೆ ನಾಳೆಯಿಂದ ಎಮ್ಮೆಯ ಹಾಲು ಮಗುವಿಗೆ. ನೀನು ಅಂಬಲಿ ಕುಡಿ" ಎಂದಿದ್ದಳು. ನಗಿಸಲೆಂದೇ ಹೇಳಿದ್ದಳು. ಅವನು ನಕ್ಕಿರಲಿಲ್ಲ.

ಹೊತ್ತು ಇಳಿಯಿತು. ಪೈಲವಾನ ಕೈ ಎತ್ತಿ ಕಣ ಸುತ್ತಿದ. ಜನ ನೆಲ ನೋಡಿದರು. ಮತ್ತೆ ಸುತ್ತಿದ. ಹಲಗೆ ಬಾರಿಸುವವನು, ಇನ್ನು ನಿಲ್ಲಿಸಲೇ ಎನ್ನುವಂತೆ ಹಿರಿಯರ ಮುಖ ನೋಡಿದ. ವ್ಯಾಪಾರಿ ಪಕ್ಕದವನಿಂದ ಸಂಗತಿ ಕೇಳಿ ತಿಳಿದುಕೊಂಡ. ಅಂಗಿ ಬಿಚ್ಚಿಟ್ಟು ಹೋಗಿ ಆ ಕೈ ಹಿಡಿದ.

ಜನ ನಕ್ಕರು. "ಯಜಮಾನರೇ, ಮನೆಯಲ್ಲಿ ಹೇಳಿ ಬಂದಿದ್ದೀರಾ?" ಎಂದು ಒಬ್ಬ ಕೂಗಿದ.

"ನಿಮಗೆ ಕುಸ್ತಿ ಬರುತ್ತದೆಯೇ?" ಎಂದು ಪೈಲವಾನ ಮೆಲ್ಲಗೆ ಕೇಳಿದ.

"ಬೀಳಲು ಬರುತ್ತದೆ. ನಿಮ್ಮ ಸೀಮೆಯಲ್ಲಿ ನಾನು ಏನು ಕೊಟ್ಟರೂ ಯಾರೂ ತೆಗೆದುಕೊಳ್ಳಲಿಲ್ಲ. ನೀನು ಇದನ್ನಾದರೂ ತೆಗೆದುಕೋ" ಎಂದ ವ್ಯಾಪಾರಿ.

ಇಬ್ಬರೂ ಕಣಕ್ಕೆ ಇಳಿದರು. ಒಂದೇ ಪಟ್ಟು ಹಾಕಿ ಮುಗಿಸಬಹುದಾದ ಕುಸ್ತಿ ಅದು. ಆದರೆ ಪೈಲವಾನ ಅವನನ್ನು ಒಗೆಯಲಿಲ್ಲ. "ಗದ್ದ ಎದೆಗೆ ಒತ್ತಿಕೊಳ್ಳಿ" ಎಂದು ಕಿವಿಯಲ್ಲಿ ಹೇಳಿದ. ಒಂದು ತೋಳನ್ನು ಅವನ ಕುತ್ತಿಗೆಯ ಕೆಳಗೆ ಕೊಟ್ಟ, ಇನ್ನೊಂದನ್ನು ಸೊಂಟಕ್ಕೆ ಕೊಟ್ಟ. ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದ. ವ್ಯಾಪಾರಿಯ ಬೆನ್ನಿಗೆ ಮಣ್ಣು ತಾಗಿತು, ಏಟು ತಾಗಲಿಲ್ಲ. ಅಷ್ಟು ಭಾರವನ್ನು ತಡೆದು ತಡೆದು ಇಳಿಸಿದ ಪೈಲವಾನನ ತೋಳು ನೆಲಕ್ಕೆ ಉಜ್ಜಿ ತರಚಿಹೋಗಿತ್ತು.

ನಗುತ್ತಿದ್ದವರು ಕಣದ ಅಂಚಿಗೆ ಬಂದು ಬಗ್ಗಿ ನೋಡಿದರು. ಇವನಿಗೆ ಹೀಗೂ ಕೆಡವಲು ಬರುತ್ತದೆ ಎಂದು ಯಾರೂ ತಿಳಿದಿರಲಿಲ್ಲ. ಅವನಿಗೇ ತಿಳಿದಿರಲಿಲ್ಲ. ಹಿಂದೆ ತೋಳು ಮುರಿಸಿಕೊಂಡಿದ್ದವನು ಗುಂಪಿನಿಂದ ಎದ್ದು ಬಂದು, "ಬರುವ ವರ್ಷ ನಿನ್ನ ಕೈ ನಾನು ಹಿಡಿಯುತ್ತೇನೆ" ಎಂದ.

ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವುದು ಅಲ್ಲಿಯ ಪದ್ಧತಿ. ಅಂದು ಗೆದ್ದವನೇ ಸೋತವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಣ ಸುತ್ತಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಹಾಗಾದರೆ ವ್ಯಾಪಾರಿಯ ಋಣ ತೀರಿತು ಅಲ್ಲವೇ, ಗುರುಗಳೇ?"

"ಎಲ್ಲಿ ತೀರಿತಪ್ಪ, ಅಂದಿನಿಂದ ಅದು ಪೈಲವಾನನಿಗೂ ಹತ್ತಿತು" ಎಂದರು ಗುರುಗಳು.