ಹಿಟ್ಟು ಮೆತ್ತಿದ ಮುಚ್ಚಳ

"ಗುರುಗಳೇ, ಬೆಟ್ಟದ ಗವಿಗೆ ಹೋಗಲು ಅಪ್ಪಣೆ ಕೊಡುತ್ತೀರಾ? ಈ ಗುಡಿಸಲು ಸಂತೆಯ ದಾರಿಯಲ್ಲಿದೆ. ಕಣ್ಣು ಮುಚ್ಚಿ, ಮನಸ್ಸು ನಿಂತಿತೇ ಎಂದು ನೋಡಿಕೊಳ್ಳುವಷ್ಟರಲ್ಲಿ ಗಾಡಿಯ ಸದ್ದು. ಇಲ್ಲಿ ಧ್ಯಾನ ಆಗದ ಮಾತು" ಎಂದು ಶಿಷ್ಯನೊಬ್ಬ ಕೇಳಿದ. ಅವನು ಹೀಗೆ ಕೇಳುತ್ತಿದ್ದದ್ದು ಮೊದಲ ಸಲವೇನಲ್ಲ. ಗುರುಗಳು ನಿಟ್ಟುಸಿರು ಬಿಟ್ಟು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಅಣ್ಣ ತಮ್ಮ ಇಬ್ಬರು ರೈತರು. ಮನೆ ಪಾಲಾದಾಗ ಹಳೆಯ ಅಡಿಗೆಮನೆ ಅಣ್ಣನ ಕಡೆಗೆ ಹೋಯಿತು. ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆ ಹಿಡಿಸುವ ಅಟ್ಟವೂ ಅದರ ಜೊತೆಗೇ ಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತಮ್ಮನ ಹೆಂಡತಿ ಕಾಡಿ ಬೇಡಿ ಭಾವನನ್ನು ಒಂದು ಸಂಜೆ ಊಟಕ್ಕೆ ಒಪ್ಪಿಸಿದಳು. ಅತ್ತೆ ಮಾಡುತ್ತಿದ್ದಂಥ ಹೊಗೆ ಹಿಡಿಸಿದ ಪಕ್ಕೆಲುಬು ಎಲೆಗೆ ಬಿದ್ದರೆ ಆ ಮನುಷ್ಯ ಕರಗುತ್ತಾನೆ ಎಂದು ಅವಳಿಗೆ ನಂಬಿಕೆಯಿತ್ತು. ಎರಡು ಮನೆ ಮತ್ತೆ ಒಂದಾಗಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

"ಅಟ್ಟ ಇಲ್ಲದೆ ಹೊಗೆ ಎಲ್ಲಿಂದ ತರ್ತೀಯ? ಅದು ಅಣ್ಣನ ಪಾಲಾಯ್ತಲ್ಲ" ಎಂದ ಗಂಡ.

ಈ ರಾಗ ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ಸೌದೆ ಹಸಿಯಾದರೂ ಅಟ್ಟದ ಮಾತು, ಸಾರಿಗೆ ಉಪ್ಪು ಕಡಿಮೆಯಾದರೂ ಅಟ್ಟದ ಮಾತು. ಅವಳು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು. ಹಂದಿಯ ಪಕ್ಕೆಲುಬಿಗೆ ಬೆಲ್ಲ, ಮೆಣಸು, ಹುಣಸೆಹುಳಿ ತಿಕ್ಕಿದಳು. ದಪ್ಪ ತಳದ ಪಾತ್ರೆಗೆ ಸೀಬೆಮರದ ಚಕ್ಕೆ ಹಾಸಿ, ಮೇಲೆ ಅಡ್ಡಕಡ್ಡಿಯಿಟ್ಟು ಮಾಂಸ ಜೋಡಿಸಿದಳು. ಮುಚ್ಚಳ ಮುಚ್ಚಿ, ಸುತ್ತಲೂ ರಾಗಿಹಿಟ್ಟು ಮೆತ್ತಿ, ಸಣ್ಣ ಕೆಂಡದ ಮೇಲೆ ಕೂರಿಸಿದಳು. "ಸಂಜೆವರೆಗೂ ಇದನ್ನ ಮುಟ್ಟಬೇಡಿ. ಹೊಗೆ ಒಳಗೇ ಇರಬೇಕು" ಎಂದು ಹೇಳಿ ನೀರಿಗೆ ಹೋದಳು.

ಬಂದು ನೋಡಿದರೆ ಹಿಟ್ಟು ಒಡೆದಿದೆ. ಗಂಡ ಪಾತ್ರೆಯೊಳಗೆ ಇಣುಕುತ್ತಿದ್ದಾನೆ. ಬೆಂದಿದೆಯೋ ಇಲ್ಲವೋ ನೋಡಿದನಂತೆ. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಹಿಟ್ಟು ಮೆತ್ತಿದಳು. ಎಲೆ ಕೊಯ್ದು ತರುವಷ್ಟರಲ್ಲಿ ಮತ್ತೆ ಒಡೆದಿದ್ದ. ಹೊಗೆ ಹಿಡಿಯಿತೇ ಎಂದು ಮೂಸಿ ನೋಡಿದನಂತೆ. ಹಿಡಿದಿಲ್ಲ ಎಂದು ಕಂಡು ಒಲೆಗೆ ಎರಡು ಕೊಳ್ಳಿಯನ್ನೂ ತುರುಕಿದ್ದ. ಸೀಬೆಚಕ್ಕೆಯೆಲ್ಲ ಉರಿದು ಬೂದಿಯಾಗಿತ್ತು, ಹೊಗೆ ಹೆಂಚಿನ ಸಂದಿಯಿಂದ ಊರಿನ ಪಾಲಾಗಿತ್ತು. ಇಂಥವನನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಅವಳು ಹಣೆ ಚಚ್ಚಿಕೊಂಡಳು. ಮಾಡಲು ಬೇರೇನೂ ಉಳಿದಿರಲಿಲ್ಲ, ಅಷ್ಟರಲ್ಲಿ ಭಾವ ಜಗಲಿ ಹತ್ತಿದ್ದ.

ಎಲೆಯ ಮೇಲೆ ಬಿದ್ದ ಪಕ್ಕೆಲುಬು ಹೊರಗೆ ಕರಕಲು, ಮೂಳೆಯ ಹತ್ತಿರ ಹಸಿ. ಅಣ್ಣ ಒಂದನ್ನು ಕಚ್ಚಿ ಎಳೆದ. ಬರಲಿಲ್ಲ. ಆದರೂ ಅವನು ಮುಖ ಸಿಂಡರಿಸಲಿಲ್ಲ. ತಮ್ಮನ ಹೆಂಡತಿ ಪಟ್ಟ ಪಾಡು ಅವಳ ಮುಖದಲ್ಲೇ ಕಾಣುತ್ತಿತ್ತು. "ಹುಳಿ ಖಾರ ಅಮ್ಮ ಮಾಡಿದ ಹಾಗೇ ಇದೆಯಮ್ಮ" ಎಂದು ಇನ್ನೊಂದಕ್ಕೆ ಕೈ ಚಾಚಿದ. ಅವಳಿಗೆ ಹೋದ ಜೀವ ಬಂದ ಹಾಗಾಯಿತು.

ಆಗ ಗಂಡ ಬಾಯಿ ತೆರೆದ. "ಇನ್ನೂ ಚೆನ್ನಾಗಿ ಆಗ್ತಿತ್ತು. ಏನ್ಮಾಡೋದು, ಅಟ್ಟ ನಿನ್ನ ಪಾಲಾಯ್ತಲ್ಲ" ಎಂದ.

ಚಾಚಿದ ಕೈ ಹಿಂದಕ್ಕೆ ಹೋಯಿತು. ಅಣ್ಣ ಎದ್ದು ಕೈ ತೊಳೆದು, ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಟುಹೋದ. ಆಮೇಲೆ ಅವನು ಆ ಮನೆಯ ಕಡೆ ತಿರುಗಿ ನೋಡಲಿಲ್ಲ. ಹೆಂಡತಿ ಎಲೆಗಳನ್ನು ಎತ್ತಿದಳು, ಗಂಡನ ಜೊತೆ ಜಗಳಕ್ಕೂ ಹೋಗಲಿಲ್ಲ. ಬೈಯುವಷ್ಟು ಆಸೆಯೂ ಅವಳಲ್ಲಿ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಆ ಹೆಂಗಸನ್ನು ನೆನೆದು ಸಂಕಟವಾಯಿತು. "ಆ ಅಟ್ಟವನ್ನು ಮೊದಲೇ ತಮ್ಮನಿಗೆ ಬಿಟ್ಟುಕೊಟ್ಟಿದ್ದರೆ ಅವಳಿಗೆ ಈ ಗತಿ ಬರುತ್ತಿರಲಿಲ್ಲ" ಎಂದ.

ಗುರುಗಳು ಹೇಳಿದರು: "ಅಟ್ಟ ಸಿಕ್ಕಿದ್ದರೆ, ಹೊಗೆ ಹಿಡಿಯಿತೇ ಎಂದು ನೋಡುತ್ತಾ ಅವನು ಏಣಿ ಬಿಟ್ಟು ಇಳಿಯುತ್ತಲೇ ಇರಲಿಲ್ಲ."